ಕಾಲುಚೀಲದ ಅಳತೆ

ಡಿಸೆಂಬರ್ ಬಂತೆಂದರೆ ಮುಂಬಯಿಯ ಬಾಂದ್ರಾದ ಹಿಲ್ ರೋಡಿನಲ್ಲಿ, ಕ್ರಾಫರ್ಡ್ ಮಾರ್ಕೆಟ್ಟಿನ ಅಂಗಡಿಸಾಲಿನಲ್ಲಿ ನಕ್ಷತ್ರದ ಗೂಡುದೀಪಗಳ ಪಕ್ಕದಲ್ಲೇ ಕೆಂಪು ಬಟ್ಟೆಯ ಕಾಲುಚೀಲಗಳೂ ತೂಗಾಡತೊಡಗುತ್ತವೆ. ಮೇಲೆ ಬಿಳಿ ಅಂಚು, ನೇತುಹಾಕಲು ಒಂದು ಕುಣಿಕೆ, ಮುಂಭಾಗದಲ್ಲಿ ಸಾಂತಾ ಕ್ಲಾಸನ ಮುಖ. ಮಕ್ಕಳ ಕೈ ಹಿಡಿದುಕೊಂಡು ಬಂದವರು ಅಲ್ಲಿ ನಿಂತು ಆರಿಸುತ್ತಾರೆ. ದೊಡ್ಡದು ಕೊಳ್ಳುವುದೋ ಚಿಕ್ಕದೋ? ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಎರಡೂ ಒಂದೇ ಅಳತೆಯವಾಗಿರಬೇಕೋ? ಮಗು ಸಾಮಾನ್ಯವಾಗಿ ಎಲ್ಲಕ್ಕಿಂತ ದೊಡ್ಡದರ ಕಡೆ ಕೈ ತೋರಿಸುತ್ತದೆ.

ಆ ಸಾಲಿನಲ್ಲಿರುವ ಹೆಚ್ಚಿನ ಕಾಲುಚೀಲಗಳು ಯಾರ ಕಾಲಿಗೂ ಆಗುವಂಥವಲ್ಲ. ಹಾಕಿಕೊಳ್ಳಲೆಂದು ಮಾಡಿದವೂ ಅಲ್ಲ. ಇಂಗ್ಲಿಷಿನ ‘ಸ್ಟಾಕಿಂಗ್’ ಎಂಬ ಪದದಲ್ಲಿ ಚೀಲದ ಸುಳಿವೇ ಇಲ್ಲ. ಕನ್ನಡದ ಪದದಲ್ಲಿ ಕಾಲೂ ಇದೆ, ಚೀಲವೂ ಇದೆ. ಅಂಗಡಿಯಲ್ಲಿ ತೂಗುವ ವಸ್ತುವಿನಲ್ಲಿ ಚೀಲ ಉಳಿದಿದೆ, ಕಾಲು ಹೋಗಿದೆ. ಸುಮಾರು ನೂರು ವರ್ಷಗಳಷ್ಟು ಕಾಲ ಕ್ರಿಸ್‌ಮಸ್ ಉಡುಗೊರೆಯ ಅಳತೆ ಮಗುವಿನ ಕಾಲಿನ ಅಳತೆಯೇ ಆಗಿತ್ತು. ಆ ಅಳತೆ ಎಲ್ಲಿಂದ ಬಂತು, ಹೇಗೆ ಕಳೆದುಹೋಯಿತು ಎಂಬುದು ಯಾರು ಯಾರಿಗೆ ಏನು ಕೊಡಬೇಕು ಎಂಬ ಹಳೆಯ ಪ್ರಶ್ನೆಯ ಚರಿತ್ರೆಯೂ ಹೌದು.

ಮೊದಲ ಚೀಲದಲ್ಲಿದ್ದದ್ದು ವರದಕ್ಷಿಣೆ

ಕಥೆ ಶುರುವಾಗುವುದು ಇಂದಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿ. ಅಲ್ಲಿನ ಮೈರಾ ಎಂಬ ಊರಿನಲ್ಲಿ 4ನೇ ಶತಮಾನದಲ್ಲಿ ನಿಕೋಲಸ್ ಎಂಬ ಬಿಷಪ್ ಇದ್ದನೆಂಬುದು ಪರಂಪರೆಯ ಮಾತು. ಅವನ ಬಗ್ಗೆ ಗಟ್ಟಿಯಾದ ದಾಖಲೆಗಳು ಬಹಳ ಕಡಿಮೆ. ದಂತಕಥೆಗಳು ಮಾತ್ರ ಹೇರಳ. ಅವುಗಳಲ್ಲಿ ಎಲ್ಲಕ್ಕಿಂತ ಹೆಸರಾದ ಕಥೆ 9ನೇ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ಅವನ ಚರಿತೆಯಲ್ಲಿ ಸಿಗುತ್ತದೆ.

ಒಂದು ಕಾಲಕ್ಕೆ ಅನುಕೂಲವಾಗಿದ್ದ ಒಬ್ಬ ಮನುಷ್ಯ ದಿವಾಳಿಯಾಗುತ್ತಾನೆ. ಅವನಿಗೆ ಮದುವೆಯ ವಯಸ್ಸಿನ ಮೂವರು ಹೆಣ್ಣುಮಕ್ಕಳು. ವರದಕ್ಷಿಣೆ ಕೊಡಲು ಕೈಯಲ್ಲಿ ಕಾಸಿಲ್ಲ, ಊಟಕ್ಕೂ ಇಲ್ಲ. ಕೊನೆಗೆ ಮಕ್ಕಳನ್ನು ವೇಶ್ಯಾವೃತ್ತಿಗೆ ಬಿಡುವ ಯೋಚನೆಗೆ ಬರುತ್ತಾನೆ. ತಂದೆತಾಯಿಗಳಿಂದ ಬಂದ ಆಸ್ತಿಯಿದ್ದ ಯುವಕ ನಿಕೋಲಸನ ಕಿವಿಗೆ ಈ ಸುದ್ದಿ ಬೀಳುತ್ತದೆ. ಅವನು ರಾತ್ರಿ ಹೋಗಿ, ಹೊನ್ನು ತುಂಬಿದ ಚೀಲವೊಂದನ್ನು ಕಿಟಕಿಯಿಂದ ಒಳಗೆ ಎಸೆದು ಸದ್ದಿಲ್ಲದೆ ಬರುತ್ತಾನೆ. ದೊಡ್ಡ ಮಗಳ ಮದುವೆಯಾಗುತ್ತದೆ. ಇನ್ನೊಂದು ಚೀಲಕ್ಕೆ ಎರಡನೆಯವಳ ಮದುವೆ. ಮೂರನೆಯ ಸಲ ತಂದೆ ಎಚ್ಚರವಾಗಿ ಕಾದಿದ್ದು, ಬೆನ್ನಟ್ಟಿ ಹಿಡಿದು, ಕಾಲಿಗೆ ಬೀಳುತ್ತಾನೆ. ತಾನು ಬದುಕಿರುವವರೆಗೆ ಇದನ್ನು ಯಾರಿಗೂ ಹೇಳಕೂಡದೆಂದು ನಿಕೋಲಸ್ ಅವನಿಂದ ಮಾತು ತೆಗೆದುಕೊಳ್ಳುತ್ತಾನೆ.

ವರದಕ್ಷಿಣೆ ಎಂಬ ಪದದ ಭಾರ ಗೊತ್ತಿರುವ ನಮ್ಮ ಓದುಗರಿಗೆ ಈ ಕಥೆಯಲ್ಲಿ ಏನು ಪಣಕ್ಕಿತ್ತು ಎಂದು ಬಿಡಿಸಿ ಹೇಳಬೇಕಿಲ್ಲ. ಮೂರು ವಿಷಯಗಳನ್ನು ಮಾತ್ರ ಗಮನಿಸಬೇಕು. ಕೊಡುವವನು ಆ ಮನೆಯವನಲ್ಲ. ಪಡೆಯುವವರು ಕಷ್ಟದಲ್ಲಿರುವವರು. ಕೊಟ್ಟವನ ಹೆಸರು ತಿಳಿಯಬಾರದು.

ಈ ಹಳೆಯ ಕಥೆಯಲ್ಲಿ ಕಾಲುಚೀಲವಿಲ್ಲ. 1425ರಲ್ಲಿ ಜೆಂಟೀಲೆ ದಾ ಫಾಬ್ರಿಯಾನೊ ಫ್ಲಾರೆನ್ಸಿನ ಒಂದು ಚರ್ಚಿಗಾಗಿ ಇದೇ ಪ್ರಸಂಗವನ್ನು ಚಿತ್ರಿಸಿದಾಗಲೂ ನಿಕೋಲಸ್ ಹೊನ್ನನ್ನು ಎಸೆಯುವುದು ಕಿಟಕಿಯಿಂದಲೇ. ಹೊನ್ನು ಚಿಮ್ನಿಯಿಂದ ಜಾರಿ, ಒಣಗಲು ತೂಗಹಾಕಿದ್ದ ಕಾಲುಚೀಲದೊಳಗೆ ಬಿತ್ತು ಎಂಬ ಮಾತು ಆಮೇಲೆ ಸೇರಿಕೊಂಡದ್ದು. ಮಕ್ಕಳು ಕಾಲುಚೀಲ ತೂಗುಹಾಕುವ ಪದ್ಧತಿ ಬಲವಾದ ಮೇಲೆ ಅದಕ್ಕೊಂದು ಮೂಲ ಬೇಕಾಗಿ ಹಳೆಯ ಕಥೆಯನ್ನು ತಿದ್ದಿಕೊಂಡಂತೆ ಕಾಣುತ್ತದೆ.

ಬೂಟಿನೊಳಗಿನ ಛಡಿ

1087ರಲ್ಲಿ ಇಟಲಿಯ ಬಾರಿ ಊರಿನ ನಾವಿಕರು ನಿಕೋಲಸನ ಅಸ್ಥಿಗಳನ್ನು ಮೈರಾದಿಂದ ತಮ್ಮ ಊರಿಗೆ ಒಯ್ದರು. ಅಲ್ಲಿಂದ ಅವನ ಭಕ್ತಿ ಪಶ್ಚಿಮ ಯುರೋಪಿನಲ್ಲೆಲ್ಲ ಹಬ್ಬಿತು. ಡಿಸೆಂಬರ್ 6 ಅವನ ಹಬ್ಬದ ದಿನ. ನೆದರ್ಲೆಂಡ್ಸಿನಲ್ಲಿ ಹಿಂದಿನ ಸಂಜೆ ಮಕ್ಕಳು ಬೆಂಕಿಗೂಡಿನ ಮುಂದೆ ತಮ್ಮ ಬೂಟು ಇಟ್ಟು ಮಲಗುತ್ತಿದ್ದರು. ಸಂತನ ಕುದುರೆಗೆಂದು ಅದರಲ್ಲಿ ಒಂದಿಷ್ಟು ಹುಲ್ಲನ್ನೋ ಗಜ್ಜರಿಯನ್ನೋ ಇಡುವುದೂ ಉಂಟು. ಬೆಳಗಾದಾಗ ಬೂಟಿನಲ್ಲಿ ತಿಂಡಿ, ಆಟಿಕೆ. ಇಟಲಿಯಲ್ಲಿ ಇದೇ ಬಗೆಯ ಕೆಲಸ ಬೆಫಾನಾ ಎಂಬ ಮುದುಕಿಯದು. ಅವಳು ಜನವರಿ 5ರ ರಾತ್ರಿ ಬರುತ್ತಾಳೆ. ಒಳ್ಳೆಯ ಮಕ್ಕಳಿಗೆ ಸಿಹಿ, ತುಂಟರಿಗೆ ಇದ್ದಿಲು.

ಬಡತನದ ಹೆಣ್ಣುಮಕ್ಕಳ ಕಥೆ ಈ ಹೊತ್ತಿಗೆ ಎಲ್ಲ ಮಕ್ಕಳ ಹಬ್ಬವಾಗಿತ್ತು. ಜೊತೆಗೆ ಒಂದು ಲೆಕ್ಕಪತ್ರವೂ ಸೇರಿಕೊಂಡಿತ್ತು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಮ್ಮಿನಲ್ಲಿರುವ ಯಾನ್ ಸ್ಟೀನನ ಒಂದು ಚಿತ್ರ ಅದನ್ನು ತೋರಿಸುತ್ತದೆ. 1665ರ ನಂತರದ ಕೆಲವು ವರ್ಷಗಳಲ್ಲಿ ಬರೆದದ್ದು. ನಿಕೋಲಸ್ ಹಬ್ಬದ ಬೆಳಗಿನ ಮನೆ. ನಡುವೆ ಒಬ್ಬ ಪುಟ್ಟ ಹುಡುಗಿ ಬೊಂಬೆಯನ್ನು ಎದೆಗೆ ಅವಚಿಕೊಂಡು ನಿಂತಿದ್ದಾಳೆ, ಅವಳ ತೋಳಿನಲ್ಲಿ ತಿಂಡಿ ತುಂಬಿದ ಬಕೆಟ್. ಎಡಕ್ಕೆ ಅವಳ ಅಣ್ಣ ಅಳುತ್ತಿದ್ದಾನೆ: ಅವನ ಬೂಟಿನಲ್ಲಿ ಸಿಕ್ಕಿದ್ದು ಛಡಿ. ಒಬ್ಬ ಚಿಕ್ಕವನು ನಗುತ್ತಿದ್ದಾನೆ. ಇನ್ನೊಬ್ಬ ಹುಡುಗ ತೋಳಿನಲ್ಲಿ ಮಗುವನ್ನೆತ್ತಿಕೊಂಡು ಚಿಮ್ನಿಯ ಕಡೆ ಬೆರಳು ಮಾಡುತ್ತಿದ್ದಾನೆ. ಎಲ್ಲರ ಹಿಂದೆ, ಪರದೆಯ ಹತ್ತಿರ, ಅಜ್ಜಿ ಅಳುವ ಮೊಮ್ಮಗನನ್ನು ಕೈಸನ್ನೆ ಮಾಡಿ ಕರೆಯುತ್ತಿದ್ದಾಳೆ. ಪರದೆಯ ಹಿಂದೆ ಅವನಿಗೂ ಏನೋ ಇಟ್ಟಿರಬೇಕು ಎಂದು ನೋಡಿದವರು ಊಹಿಸುತ್ತಾರೆ. ಸಂತನ ತೀರ್ಪಿಗೆ ಅಜ್ಜಿಯ ಬಳಿ ಒಂದು ತಿದ್ದುಪಡಿ ಇರುತ್ತದೆ ಎಂಬುದು ಎಲ್ಲ ಊರುಗಳ ಮಕ್ಕಳಿಗೂ ಗೊತ್ತಿರುವ ವಿಷಯ.

ನ್ಯೂಯಾರ್ಕ್, 1810

ಬೂಟಿನ ಜಾಗಕ್ಕೆ ಕಾಲುಚೀಲವನ್ನು ತಂದು ಅದನ್ನು ಜಗತ್ತಿಗೆ ಹಂಚಿದ್ದು ನ್ಯೂಯಾರ್ಕ್. ಆ ನಗರ ಒಂದು ಕಾಲಕ್ಕೆ ಡಚ್ಚರ ವಸಾಹತಾಗಿದ್ದರಿಂದ ಪದ್ಧತಿ ಅಲ್ಲಿ ಅಖಂಡವಾಗಿ ನಡೆದುಬಂತು ಎಂದು ಬಹುಕಾಲ ನಂಬಲಾಗಿತ್ತು. 1954ರಲ್ಲಿ ಚಾರ್ಲ್ಸ್ ಜೋನ್ಸ್ ಎಂಬ ವಿದ್ವಾಂಸ ಹಳೆಯ ಡಚ್ ವಸಾಹತಿನ ದಾಖಲೆಗಳಲ್ಲಿ ಇದಕ್ಕೆ ಆಧಾರವಿಲ್ಲವೆಂದು ತೋರಿಸಿದ. ಅವನ ಪ್ರಕಾರ ಇದು 19ನೇ ಶತಮಾನದ ಆರಂಭದಲ್ಲಿ, ತಮ್ಮ ಊರಿಗೊಂದು ಹಳಮೆ ಬೇಕೆಂದು ಬಯಸಿದ ಕೆಲವು ಸಾಹಿತ್ಯಾಸಕ್ತರು ಮತ್ತೆ ಕಟ್ಟಿಕೊಂಡ ಸಂಪ್ರದಾಯ.

ಅವರಲ್ಲಿ ಒಬ್ಬ ವಾಷಿಂಗ್ಟನ್ ಅರ್ವಿಂಗ್. 1809ರಲ್ಲಿ ಡಚ್ ನ್ಯೂಯಾರ್ಕಿನ ಬಗ್ಗೆ ಒಂದು ಹಾಸ್ಯಚರಿತ್ರೆ ಪ್ರಕಟಿಸಿದವನು. ಇನ್ನೊಬ್ಬ ಜಾನ್ ಪಿಂಟಾರ್ಡ್, ನಗರದ ಇತಿಹಾಸ ಸಂಘದ ಸ್ಥಾಪಕ. 1810ರ ಡಿಸೆಂಬರ್ 6ರಂದು ಸಂಘದ ಔತಣಕ್ಕೆಂದು ಪಿಂಟಾರ್ಡ್ ಒಂದು ಹಾಳೆ ಅಚ್ಚು ಹಾಕಿಸಿದ. ಅದರ ಚಿತ್ರವನ್ನು ಕೊರೆದವನು ಅಲೆಕ್ಸಾಂಡರ್ ಆಂಡರ್ಸನ್. ಒಂದು ಬದಿಯಲ್ಲಿ ಬಿಷಪ್ಪನ ನಿಲುವಂಗಿಯ ನಿಕೋಲಸ್, ಇನ್ನೊಂದು ಬದಿಯಲ್ಲಿ ಮನೆಯ ಬೆಂಕಿಗೂಡು. ಗೂಡಿಗೆ ಎರಡು ಕಾಲುಚೀಲ ತೂಗುಹಾಕಿದೆ: ಒಂದರಲ್ಲಿ ಉಡುಗೊರೆ, ಇನ್ನೊಂದರಲ್ಲಿ ಬರ್ಚ್ ಮರದ ಛಡಿ. ನಗುವ ಹುಡುಗಿ, ಅಳುವ ಹುಡುಗ. ಯಾನ್ ಸ್ಟೀನನ ಮನೆಯೇ ಮತ್ತೆ ಬಂದಂತಿದೆ. ಆದರೆ ಬೂಟು ಕಾಲುಚೀಲವಾಗಿದೆ, ಅಜ್ಜಿ ಕಾಣೆಯಾಗಿದ್ದಾಳೆ.

ಆ ವರ್ಷಗಳಲ್ಲೇ ಇದು ಯಾಕೆ ಬೇಕಾಯಿತು? ಇತಿಹಾಸಕಾರ ಸ್ಟೀಫನ್ ನಿಸೆನ್‌ಬಾಮ್ 1996ರ ತಮ್ಮ ಪುಸ್ತಕದಲ್ಲಿ ಕೊಡುವ ಉತ್ತರ ಯೋಚಿಸತಕ್ಕದ್ದು. ಯುರೋಪಿನಲ್ಲೂ ಅಮೆರಿಕದಲ್ಲೂ ಕ್ರಿಸ್‌ಮಸ್ ಬಹುಕಾಲ ಬೀದಿಯ ಹಬ್ಬವಾಗಿತ್ತು. ಕೊಯ್ಲು ಮುಗಿದು ಕೆಲಸ ಕಡಿಮೆಯಾದ ಚಳಿಗಾಲದಲ್ಲಿ ಬಡವರು ಗುಂಪುಗೂಡಿ ಹಾಡುತ್ತ ಉಳ್ಳವರ ಬಾಗಿಲಿಗೆ ಹೋಗುತ್ತಿದ್ದರು. ಊಟ, ಮದ್ಯ, ಕಾಸು ಕೇಳುವುದು ಅವತ್ತು ಅವರ ಹಕ್ಕು, ಕೊಡುವುದು ಯಜಮಾನರ ಧರ್ಮ. ಊರು ಚಿಕ್ಕದಾಗಿದ್ದು ಮುಖ ಪರಿಚಯ ಇರುವಷ್ಟು ದಿನ ಇದು ನಡೆಯಿತು. ನ್ಯೂಯಾರ್ಕ್ ಬೆಳೆದು, ಕೂಲಿಕಾರರೂ ಶ್ರೀಮಂತರೂ ಅಪರಿಚಿತರಾದ ಮೇಲೆ ಅದೇ ಗುಂಪು ಉಳ್ಳವರಿಗೆ ಪುಂಡರ ಗುಂಪಾಗಿ ಕಂಡಿತು. ರಾತ್ರಿಯ ಬೀದಿ ಗದ್ದಲ ನಿದ್ದೆಗೆಡಿಸಿದ್ದನ್ನು ಪಿಂಟಾರ್ಡನೂ ತನ್ನ ಪತ್ರಗಳಲ್ಲಿ ಹೇಳಿಕೊಂಡಿದ್ದಾನೆ. ಹಬ್ಬವನ್ನು ಬೀದಿಯಿಂದ ಮನೆಯೊಳಗೆ ತರುವುದು ಅವರಿಗೆ ಬೇಕಾಗಿತ್ತು. ಹಾಗೆ ತಂದಾಗ ಕೊಡುವ ಪದ್ಧತಿ ಉಳಿಯಿತು, ಪಡೆಯುವವರು ಬದಲಾದರು: ಬಾಗಿಲಿಗೆ ಬಂದ ಬಡವನ ಜಾಗದಲ್ಲಿ ಮನೆಯ ಮಗು ನಿಂತಿತು.

1821ರಲ್ಲಿ ಪ್ರಕಟವಾದ ಒಂದು ಚಿಕ್ಕ ಮಕ್ಕಳ ಪುಸ್ತಕ ಸಂತನ ಬರವನ್ನು ಡಿಸೆಂಬರ್ 24ರ ರಾತ್ರಿಗೆ ಸರಿಸಿತು. 1823ರ ಡಿಸೆಂಬರ್ 23ರಂದು ಟ್ರಾಯ್ ಎಂಬ ಊರಿನ ಪತ್ರಿಕೆಯಲ್ಲಿ ಹೆಸರಿಲ್ಲದೆ ಒಂದು ಕವಿತೆ ಬಂತು. ಕ್ಲೆಮೆಂಟ್ ಮೂರ್ ಅದು ತನ್ನದೆಂದು ಆಮೇಲೆ ಒಪ್ಪಿಕೊಂಡ. ಚಿಮ್ನಿಯಿಂದ ಇಳಿದು, ತೂಗುವ ಕಾಲುಚೀಲಗಳನ್ನು ತುಂಬಿ ಹೋಗುವ ಮುದುಕನ ಆ ಕವಿತೆ ಅಮೆರಿಕದ ಮಕ್ಕಳಿಗೆಲ್ಲ ಬಾಯಿಪಾಠವಾಯಿತು. ಅದರಲ್ಲಿ ಛಡಿಯ ಮಾತಿಲ್ಲ.

ಕಾಲುಚೀಲವೇ ಯಾಕೆ

ಅಂದಿನ ಮಕ್ಕಳು ಹಾಕುತ್ತಿದ್ದುದು ಮೊಣಕಾಲನ್ನು ದಾಟುವ ಉಣ್ಣೆಯ ಅಥವಾ ಹತ್ತಿಯ ಉದ್ದ ಕಾಲುಚೀಲ. ಚಳಿಗಾಲದಲ್ಲಿ ಒಗೆದ ಬಟ್ಟೆ ಒಣಗಬೇಕಾದರೆ ಬೆಂಕಿಯ ಮುಂದೆಯೇ ಒಣಗಬೇಕು. ಹಾಗಾಗಿ ಬೆಂಕಿಗೂಡಿನ ಮೊಳೆಗೆ ಕಾಲುಚೀಲ ತೂಗುವುದು ಚಳಿಗಾಲವಿಡೀ ಕಾಣುವ ದೃಶ್ಯ. ಹಬ್ಬಕ್ಕೆಂದು ಹೊಸದಾಗಿ ಏನನ್ನೂ ಮಾಡಬೇಕಿರಲಿಲ್ಲ.

ಅದು ನೇಯ್ದ ಬಟ್ಟೆಯಲ್ಲ, ಹೆಣೆದದ್ದು ಎಂಬುದೂ ಮುಖ್ಯ. ನೇಯ್ಗೆಯಲ್ಲಿ ಎಳೆಗಳು ನೇರವಾಗಿ ಅಡ್ಡಹಾಯುವುದರಿಂದ ಬಟ್ಟೆ ಹೆಚ್ಚು ಹಿಗ್ಗದು. ಹೆಣಿಗೆಯಲ್ಲಿ ಒಂದೇ ಎಳೆ ಕುಣಿಕೆ ಕುಣಿಕೆಯಾಗಿ ಸಾಗುತ್ತದೆ; ಎಳೆದರೆ ಕುಣಿಕೆಗಳು ಚಪ್ಪಟೆಯಾಗಿ ಜಾಗ ಕೊಡುತ್ತವೆ, ಬಿಟ್ಟರೆ ಕೂಡಿಕೊಳ್ಳುತ್ತವೆ. ಕಾಲಿಗೆ ಅಂಟಿ ಕೂರುವ ಗುಣವೇ ಒಂದು ಕಿತ್ತಳೆಯನ್ನು ಬೆರಳತುದಿಯವರೆಗೆ ಇಳಿಸಿಕೊಳ್ಳುವ ಗುಣವೂ ಹೌದು. ಹೊರಗಿನಿಂದ ಮುಟ್ಟಿದರೆ ಒಳಗಿನ ವಸ್ತುವಿನ ಆಕಾರ ಕೈಗೆ ಸಿಗುತ್ತದೆ, ಕಣ್ಣಿಗೆ ಸಿಗುವುದಿಲ್ಲ. ಕತ್ತಲಲ್ಲಿ ಎದ್ದು ಕಾಲುಚೀಲವನ್ನು ತಡವಿ ನೋಡುವ ಮಗುವಿನ ಸುಖ ಇದರಿಂದ ಬಂದದ್ದು.

ಈ ಹೆಣಿಗೆಯ ಹಿಂದೆ ಬೇರೆ ಮಕ್ಕಳೂ ಇದ್ದರು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರಿನ ವಿಲಿಯಂ ಲೀ 1589ರಲ್ಲಿ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ. ಮುಂದಿನ ಎರಡು ಶತಮಾನಗಳಲ್ಲಿ ಆ ಸೀಮೆಯ ಸಾವಿರಾರು ಮನೆಗಳಲ್ಲಿ ಈ ಯಂತ್ರ ಕೂತಿತು. ಗಂಡಸು ಯಂತ್ರ ನಡೆಸಿದರೆ ಹೆಂಗಸರು ಹೊಲಿಗೆ ಹಾಕುವರು, ಮಕ್ಕಳು ನೂಲು ಸುತ್ತಿ ಕೊಡುವರು. ಕೂಲಿ ಎಷ್ಟು ಕಡಿಮೆಯೆಂದರೆ ಕಡುಬಡವನನ್ನು ಕಾಲುಚೀಲ ಹೆಣೆಯುವವನಿಗೆ ಹೋಲಿಸುವ ಗಾದೆಯೇ ಅಲ್ಲಿ ಹುಟ್ಟಿತು.

ನ್ಯೂಯಾರ್ಕಿನಲ್ಲಿ ಪಿಂಟಾರ್ಡ್ ಆ ಹಾಳೆಯನ್ನು ಅಚ್ಚು ಹಾಕಿಸಿದ ಕೆಲವೇ ತಿಂಗಳಿಗೆ, 1811ರ ಮಾರ್ಚಿನಲ್ಲಿ, ನಾಟಿಂಗ್‌ಹ್ಯಾಮ್ ಸೀಮೆಯ ಹೆಣಿಗೆಗಾರರು ಯಂತ್ರಗಳನ್ನು ಒಡೆಯತೊಡಗಿದರು. ಲಡ್ಡೈಟರು ಎಂದು ಚರಿತ್ರೆಯಲ್ಲಿ ಹೆಸರಾದವರು ಅವರೇ. ಯಂತ್ರದ ಮೇಲಿನ ಕುರುಡು ದ್ವೇಷವೆಂದು ಇದನ್ನು ಹೇಳುವುದುಂಟು. ಅವರ ದೂರು ಹೆಚ್ಚು ನಿರ್ದಿಷ್ಟವಾಗಿತ್ತು. ಕೂಲಿ ಇಳಿದದ್ದು ಒಂದು. ಕೆಲಸ ಕಲಿಯದವರನ್ನು ತಂದು ಕೂರಿಸಿದ್ದು ಇನ್ನೊಂದು. ಮೂರನೆಯದು ಕಳಪೆ ಮಾಲು: ಕಾಲಿನ ಆಕಾರಕ್ಕೆ ಹೆಣೆಯುವ ಬದಲು, ಅಗಲವಾಗಿ ಹೆಣೆದ ಬಟ್ಟೆಯಿಂದ ತುಂಡುಗಳನ್ನು ಕತ್ತರಿಸಿ ಹೊಲಿದು ಕಾಲುಚೀಲವೆಂದು ಮಾರುತ್ತಿದ್ದರು. ಹೊಲಿಗೆ ಬೇಗ ಬಿಡುತ್ತಿತ್ತು, ಇಡೀ ಕಸುಬಿನ ಹೆಸರು ಕೆಡುತ್ತಿತ್ತು. 1812ರಲ್ಲಿ ಬ್ರಿಟಿಷ್ ಸಂಸತ್ತು ಯಂತ್ರ ಒಡೆದವರಿಗೆ ಮರಣದಂಡನೆ ವಿಧಿಸುವ ಕಾಯ್ದೆ ತಂದಿತು. ಅದರ ವಿರುದ್ಧ ಮಾತಾಡಿದ ಕೆಲವರಲ್ಲಿ ಕವಿ ಬೈರನ್ ಒಬ್ಬ.

ತುದಿಯಲ್ಲಿದ್ದ ಕಾಸು

ದಿನಬಳಕೆಯ ಕಾಲುಚೀಲ ಉಡುಗೊರೆಗೆ ಒಂದು ಮಿತಿ ಹಾಕಿತ್ತು. ಆರು ವರ್ಷದ ಮಗುವಿನ ಕಾಲುಚೀಲದಲ್ಲಿ ಎಷ್ಟು ಹಿಡಿಸೀತು? ತುದಿಗೆ ಒಂದು ಕಿತ್ತಳೆ, ಒಂದು ಹಿಡಿ ಬೀಜಗಳು, ಸಕ್ಕರೆಯ ಕಡ್ಡಿ, ಒಂದು ಸಣ್ಣ ಆಟಿಕೆ. ಕಿತ್ತಳೆ ಅಂದು ಸುಮ್ಮನೆ ಸಿಗುವ ಹಣ್ಣಲ್ಲ. ಅಮೆರಿಕದ ಉತ್ತರದ ರಾಜ್ಯಗಳಿಗೆ ಅದು ಫ್ಲಾರಿಡಾದಿಂದಲೋ ಕ್ಯಾಲಿಫೋರ್ನಿಯಾದಿಂದಲೋ ರೈಲಿನಲ್ಲಿ ಬರಬೇಕು. ಹಿಮ ಬೀಳುವ ಊರಿನ ಮಗುವಿಗೆ ವರ್ಷಕ್ಕೊಂದು ಕಿತ್ತಳೆ ಎಂದರೆ ದೊಡ್ಡ ಮಾತು.

ಲಾರಾ ಇಂಗಲ್ಸ್ ವೈಲ್ಡರ್ 1935ರಲ್ಲಿ ಪ್ರಕಟಿಸಿದ, ಹುಲ್ಲುಗಾವಲಿನ ಪುಟ್ಟ ಮನೆಯ ಪುಸ್ತಕದಲ್ಲಿ 1870ರ ಆಸುಪಾಸಿನ ಕ್ಯಾನ್ಸಾಸಿನ ಒಂದು ಕ್ರಿಸ್‌ಮಸ್ ಬರುತ್ತದೆ. ಹಳ್ಳ ಉಕ್ಕಿ ಹರಿಯುತ್ತಿದೆ, ಸಾಂತಾ ದಾಟಲಾರ ಎಂದು ಮಕ್ಕಳು ಆಸೆ ಬಿಟ್ಟಿದ್ದಾರೆ. ಆದರೂ ತಾಯಿ ಕಾಲುಚೀಲ ತೂಗುಹಾಕುತ್ತಾಳೆ. ನೆರೆಯ ಎಡ್ವರ್ಡ್ಸ್ ಎಂಬ ಒಂಟಿ ಮನುಷ್ಯ ಬಟ್ಟೆಯ ಗಂಟನ್ನು ತಲೆಗೆ ಕಟ್ಟಿಕೊಂಡು ಆ ಹಳ್ಳವನ್ನು ಈಜಿ ಬರುತ್ತಾನೆ. ಬೆಳಿಗ್ಗೆ ಇಬ್ಬರು ಅಕ್ಕತಂಗಿಯರಿಗೂ ಒಂದೊಂದು ತಗಡಿನ ಲೋಟ, ಒಂದೊಂದು ಪೆಪ್ಪರ್‌ಮಿಂಟ್ ಕಡ್ಡಿ, ಬಿಳಿ ಹಿಟ್ಟು ಬಿಳಿ ಸಕ್ಕರೆಯ ಒಂದೊಂದು ಪುಟ್ಟ ಕೇಕು ಸಿಗುತ್ತದೆ. ಕಾಲುಚೀಲ ಖಾಲಿಯಾಯಿತೋ ನೋಡಿ ಎಂದು ತಾಯಿ ಹೇಳಿದಾಗ ಕೈ ಇಳಿಸಿ ನೋಡುತ್ತಾರೆ. ತೀರಾ ತುದಿಯಲ್ಲಿ ಒಂದೊಂದು ಹೊಳೆಯುವ ಕಾಸು. ಲೋಟ, ಕಡ್ಡಿ, ಕೇಕು, ಅದರ ಮೇಲೆ ಕಾಸು. ಇಷ್ಟೊಂದು ಸಿಗಬಹುದೆಂದು ಆ ಮಕ್ಕಳು ಎಣಿಸಿಯೇ ಇರಲಿಲ್ಲ. ಮೈರಾದ ಕಥೆಯ ಹಾಗೆ ಇಲ್ಲೂ ಕೊಟ್ಟವನು ಮನೆಯವನಲ್ಲ, ಹೆಸರು ಮಾತ್ರ ಬೇರೆ ಯಾರದೋ.

ಲೂಯಿಸಾ ಮೇ ಆಲ್ಕಾಟ್ 1868ರಲ್ಲಿ ಬರೆದ ‘ಲಿಟ್ಲ್ ವಿಮೆನ್’ ಕಾದಂಬರಿಯಲ್ಲಿ ಇನ್ನೊಂದು ಬೆಳಗು ಇದೆ. ಯುದ್ಧದ ವರ್ಷ, ಕೈ ಬಿಗಿಯಾಗಿದೆ, ಬೆಂಕಿಗೂಡಿನಲ್ಲಿ ಕಾಲುಚೀಲಗಳಿಲ್ಲ. ಜೋಗೆ ಕ್ಷಣಕಾಲ ನಿರಾಸೆ. ಹಿಂದೊಮ್ಮೆ ತನ್ನ ಪುಟ್ಟ ಕಾಲುಚೀಲ ತುಂಬಿದ ಭಾರಕ್ಕೆ ಮೊಳೆಯಿಂದ ಕಳಚಿ ಬಿದ್ದಿತ್ತು, ಅದನ್ನು ಕಾಣದೆ ಆಗಲೂ ಹೀಗೇ ಅನ್ನಿಸಿತ್ತು ಎಂದು ನೆನೆಯುತ್ತಾಳೆ. ಆ ಬೆಳಿಗ್ಗೆಯೇ ನಾಲ್ವರು ಹುಡುಗಿಯರು ತಮ್ಮ ಹಬ್ಬದ ತಿಂಡಿಯನ್ನು ಹತ್ತಿರದ ಬಡ ವಲಸಿಗ ಕುಟುಂಬಕ್ಕೆ ಹೊತ್ತೊಯ್ಯುತ್ತಾರೆ. ಮನೆಯೊಳಗೆ ಬಂದಿದ್ದ ಉಡುಗೊರೆಯನ್ನು ಆಲ್ಕಾಟ್ ಮತ್ತೆ ಹೊಸಿಲು ದಾಟಿಸುತ್ತಾಳೆ.

ಕಾಲು ಬಿಟ್ಟುಹೋದ ಮೇಲೆ

19ನೇ ಶತಮಾನದ ಕೊನೆಯ ಹೊತ್ತಿಗೆ ಅಂಗಡಿಗಳಲ್ಲಿ ಹಬ್ಬಕ್ಕೆಂದೇ ಮಾಡಿದ ಕಾಲುಚೀಲಗಳು ಬಂದವು. ಬಲೆಬಟ್ಟೆಯೊಳಗೆ ಆಟಿಕೆ, ಸಿಹಿ ಮೊದಲೇ ತುಂಬಿಟ್ಟು ಮಾರುವುದೂ ರೂಢಿಯಾಯಿತು. 20ನೇ ಶತಮಾನದಲ್ಲಿ ಮಕ್ಕಳ ಉಡುಪು ಬದಲಾಗಿ ಉದ್ದ ಕಾಲುಚೀಲ ಗಿಡ್ಡ ಸಾಕ್ಸ್ ಆಯಿತು. ಅದರಲ್ಲಿ ಕಿತ್ತಳೆ ಹಿಡಿಸಿದರೆ ಬೇರೇನೂ ಹಿಡಿಸದು. ಬಿಸಿನೀರಿನ ಕೊಳವೆಗಳು ಮನೆಯನ್ನು ಬೆಚ್ಚಗಿಡತೊಡಗಿದಾಗ ಬೆಂಕಿಗೂಡೂ ಬೇಡವಾಯಿತು. ಕಾರಣಗಳೆಲ್ಲ ಹೋದ ಮೇಲೆ ಉಳಿದ ಆಕಾರವನ್ನು ಅಂಗಡಿ ವಹಿಸಿಕೊಂಡಿತು. ಬ್ರಿಟನ್ನಿನ ಎಷ್ಟೋ ಮನೆಗಳಲ್ಲಿ ಮಕ್ಕಳು ದಿಂಬಿನ ಚೀಲವನ್ನೇ ಇಡತೊಡಗಿದರು. ಇಂದು ಮಾರುವ ಫೆಲ್ಟ್ ಬಟ್ಟೆಯ ಕಾಲುಚೀಲ ಎರಡು ಚಪ್ಪಟೆ ತುಂಡುಗಳನ್ನು ಸೇರಿಸಿ ಹೊಲಿದದ್ದು. ಕತ್ತರಿಸಿ ಹೊಲಿದ ಕಾಲುಚೀಲವೆಂದು ನಾಟಿಂಗ್‌ಹ್ಯಾಮಿನವರು ಯಾವುದರ ವಿರುದ್ಧ ಸಿಡಿದೆದ್ದರೋ ಅದೇ ಬಗೆಯದು ಕೊನೆಗೆ ಹಬ್ಬದ ಗುರುತಾಯಿತು.

ಅಳತೆ ಬೆಳೆದಂತೆ ಇನ್ನೊಂದು ಪ್ರಶ್ನೆ ಹರಿತವಾಯಿತು. ಒಳ್ಳೆಯ ಮಕ್ಕಳ ಕಾಲುಚೀಲವನ್ನು ಸಾಂತಾ ತುಂಬುತ್ತಾನೆ ಎಂದು ಎಲ್ಲ ಮಕ್ಕಳಿಗೂ ಹೇಳಿದ ಮೇಲೆ, ಬೆಳಿಗ್ಗೆ ಖಾಲಿ ಕಾಲುಚೀಲ ಕಂಡ ಬಡವರ ಮಗು ತನ್ನ ಬಗ್ಗೆ ಏನೆಂದುಕೊಳ್ಳಬೇಕು? ಬಡತನವನ್ನು ಅದು ತನ್ನ ತಪ್ಪಿಗೆ ಸಿಕ್ಕ ಶಿಕ್ಷೆಯೆಂದು ಓದಿಕೊಳ್ಳುತ್ತದೆ. ಅಮೆರಿಕದ ಹಲವು ಊರುಗಳಲ್ಲಿ ‘ಖಾಲಿ ಕಾಲುಚೀಲ ನಿಧಿ’ ಎಂಬ ಹೆಸರಿನಲ್ಲಿ ಓದುಗರಿಂದ ಹಣ ಕೂಡಿಸಿ ಇಂಥ ಮಕ್ಕಳಿಗೆ ಉಡುಗೊರೆ ಕೊಡುವ ವ್ಯವಸ್ಥೆಗಳು ಹುಟ್ಟಿದ್ದು ಇದರಿಂದ. ಅಟ್ಲಾಂಟಾದ ನಿಧಿ 1927ರಲ್ಲಿ ಶುರುವಾದದ್ದು. ಕೊಟ್ಟವರಾರೆಂದು ಆ ಮಕ್ಕಳಿಗೆ ತಿಳಿಯುವುದಿಲ್ಲ. ಅಷ್ಟರ ಮಟ್ಟಿಗೆ ಮೈರಾದ ಕಿಟಕಿ ಮತ್ತೆ ತೆರೆದಿದೆ.

ಕರ್ನಾಟಕದ ಕರಾವಳಿಯ ಕ್ರೈಸ್ತ ಮನೆಗಳಿಗೆ ಕಾಲುಚೀಲ ತಡವಾಗಿ ಬಂದ ಅತಿಥಿ. ಮಂಗಳೂರಿನ ಕಥೊಲಿಕ್ ಮನೆಗಳಲ್ಲಿ ಕ್ರಿಸ್‌ಮಸ್ ಎಂದರೆ ಗೋದಲಿ, ನಕ್ಷತ್ರ, ಮತ್ತು ಕುಸ್ವಾರ್. ನೆವ್ರಿ, ಕಿಡಿಯೊ, ಗುಳಿಯೊ ಎಲ್ಲ ವಾರ ಮೊದಲೇ ಕೂತು ಮಾಡಿ, ತಟ್ಟೆಯಲ್ಲಿ ಜೋಡಿಸಿ, ಬಟ್ಟೆ ಮುಚ್ಚಿ ಅಕ್ಕಪಕ್ಕದ ಮನೆಗಳಿಗೆ, ಬೇರೆ ಧರ್ಮದವರ ಮನೆಗಳಿಗೂ, ಮಕ್ಕಳ ಕೈಯಲ್ಲಿ ಕಳಿಸುತ್ತಾರೆ. ಮುಂಬಯಿಗೆ ಬಂದು ನೆಲೆಸಿದವರೂ ಇದನ್ನು ಜೊತೆಗೆ ತಂದರು. ಕಾಲುಚೀಲದ ಹಬ್ಬದಲ್ಲಿ ಮಗು ಪಡೆಯುವುದನ್ನು ಕಲಿಯುತ್ತದೆ, ಕುಸ್ವಾರಿನ ಹಬ್ಬದಲ್ಲಿ ತಟ್ಟೆ ಹೊತ್ತು ಹೋಗಿ ಕೊಡುವುದನ್ನು. ಈಗ ಎರಡೂ ಒಂದೇ ಮನೆಯಲ್ಲಿವೆ.

ಹಿಲ್ ರೋಡಿನ ಅಂಗಡಿಯ ಮುಂದೆ ನಿಂತವರಿಗೆ ಈ ಚರಿತ್ರೆಯಿಂದ ಒಂದಿಷ್ಟು ಉಪಯೋಗವೂ ಇದೆ. ಚಪ್ಪಟೆ ತುಂಡುಗಳನ್ನು ಹೊಲಿದ ಕಾಲುಚೀಲ ಹಿಗ್ಗದು, ಒಳಗೆ ಭಾರ ಹಾಕಿದರೆ ಮೊದಲು ಬಿಡುವುದು ಹೊಲಿಗೆ ಮತ್ತು ಕುಣಿಕೆ. ಹೆಣೆದದ್ದಾದರೆ ಹಿಗ್ಗುತ್ತದೆ, ಬಾಳುತ್ತದೆ. ಇಬ್ಬರು ಮಕ್ಕಳಿದ್ದರೆ ಅಳತೆ ಒಂದೇ ಇರಲಿ. ಆ ಇಬ್ಬರು ಅಕ್ಕತಂಗಿಯರಿಗೂ ಅದೇ ಲೋಟ, ಅದೇ ಕಾಸು ಬಂದಿತ್ತು. ಅಂಗಡಿಯದು ಯಾವುದೂ ಮನಸ್ಸಿಗೆ ಬರದಿದ್ದರೆ ಮನೆಯಲ್ಲಿ ಮಗು ಶಾಲೆಗೆ ಹಾಕಿಕೊಂಡು ಹೋಗುವ ಉದ್ದನೆಯ ಸಾಕ್ಸ್ ಇದ್ದೇ ಇರುತ್ತದೆ. ಒಗೆದು ಒಣಗಿಸಿದರೆ ಅದಕ್ಕೆ ಒಂದು ಕಿತ್ತಳೆ, ಒಂದು ಹಿಡಿ ಕಡಲೆಬೀಜ, ತುದಿಗೆ ಒಂದು ರೂಪಾಯಿಯ ನಾಣ್ಯ ಸರಿಯಾಗಿ ಹಿಡಿಸುತ್ತದೆ.